ಕಾಗದವಿಲ್ಲ, ಕ್ಯೂ ಇದೆ

ಅಮೆರಿಕದಲ್ಲಿ ಮಗಳ ಮನೆಗೆ ಹೋದವರ ಮುಖ್ಯ ಉದ್ಯೋಗ ಕಿಟಕಿಯಲ್ಲಿ ಕೂತು ಅಳಿಲು ನೋಡುವುದು. ಎರಡನೇ ವಾರಕ್ಕೆ ಅಳಿಲುಗಳಿಗೇ ನನ್ನ ಮುಖ ಬೇಜಾರಾದಂತೆ ಕಂಡಿತು. ಮಗಳು ತನ್ನ ಲೈಬ್ರರಿ ಕಾರ್ಡಿನ ನಂಬರು ಹಾಕಿ ನನ್ನ ಫೋನಿಗೆ ಲಿಬ್ಬಿ ಆಪ್ ಇಳಿಸಿಕೊಟ್ಟಳು. "ಇ-ಪುಸ್ತಕ, ಆಡಿಯೊ ಎಲ್ಲ ಪುಕ್ಕಟೆ ಅಪ್ಪ."

ಪುಕ್ಕಟೆ ಎಂದಮೇಲೆ ಕೇಳಬೇಕೆ? ಹೊಸದೊಂದು ಪತ್ತೇದಾರಿ ಕಾದಂಬರಿ ಒತ್ತಿದೆ. ನನ್ನ ಮುಂದೆ 117 ಜನ, ಸುಮಾರು 26 ವಾರ ಕಾಯಬೇಕು ಎಂದು ಬಂತು. ಆ ದೇಶ ನನ್ನನ್ನು ಇಟ್ಟುಕೊಳ್ಳಲು ಒಪ್ಪಿದ್ದೇ ಆರು ತಿಂಗಳು! ಸೀಮೆಎಣ್ಣೆ ಕ್ಯೂ ನೆನಪಾಯಿತು. ಅಲ್ಲಾದರೂ ಕ್ಯಾನು ಬಿಟ್ಟು ಕಾಫಿಗೆ ಹೋಗಿಬರಬಹುದಿತ್ತು.

ಅಳಿಯ ಬಿಡಿಸಿ ಹೇಳಿದ. ಲೈಬ್ರರಿ ಕೊಳ್ಳುವುದು ಪುಸ್ತಕವನ್ನಲ್ಲ, ಪರವಾನಗಿಯನ್ನು. ಸಾಮಾನ್ಯವಾಗಿ ಒಂದಕ್ಕೆ ಒಂದು ಹೊತ್ತಿಗೆ ಒಬ್ಬನೇ ಓದುಗ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನವಂತೂ 26 ಸಲ ಎರವಲು ಹೋದ ಇ-ಪುಸ್ತಕದ ಆಯುಷ್ಯ ತೀರಿತು, ಬೇಕಾದರೆ ಮತ್ತೆ ಕೊಳ್ಳಿ ಎಂದಿತಂತೆ. ಅಚ್ಚಿನ ಪುಸ್ತಕ ಅಷ್ಟರಲ್ಲಿ ಸವೆಯುತ್ತದೆ ಎಂಬ ಲೆಕ್ಕ. ರಟ್ಟು ಕಿತ್ತು, ಕೊಲೆಗಾರನ ಹೆಸರಿದ್ದ ಹಾಳೆಯೇ ಹಾರಿಹೋದ ಮೇಲೂ ನಮ್ಮೂರಲ್ಲಿ ಇಪ್ಪತ್ತು ವರ್ಷ ಓಡಿದ ಪುಸ್ತಕಗಳನ್ನು ಆ ಲೆಕ್ಕಿಗರು ಕಂಡಿಲ್ಲ, ಪಾಪ.

ಸರಿ, ಕ್ಯೂ ಇಲ್ಲದ ಆಡಿಯೊ ಒಂದನ್ನು ಮಲಗಿಕೊಂಡು ಕೇಳಿದೆ. ಮೂರನೇ ಅಧ್ಯಾಯದಲ್ಲಿ ನಾಯಕಿಗೆ ವರ ನೋಡುತ್ತಿದ್ದರು. ಎಚ್ಚರವಾದಾಗ ಹನ್ನೊಂದನೇ ಅಧ್ಯಾಯ, ಆಕೆ ವಿಧವೆ. ನಿದ್ದೆ ಬರುವವರಿಗೆಂದೇ ಸ್ಲೀಪ್ ಟೈಮರ್ ಇದೆಯೆಂದು ಕಂಡುಹಿಡಿದವಳು ನನ್ನ ಹೆಂಡತಿ. ಅವಳು ವೇಗವನ್ನು ಒಂದೂವರೆ ಪಟ್ಟು ಮಾಡಿಕೊಂಡು, ಬೀನ್ಸಿನ ನಾರು ತೆಗೆಯುತ್ತ ವಾರಕ್ಕೊಂದು ಕಾದಂಬರಿ ಮುಗಿಸಿದಳು. ಈಗ ನಾನು ಬಾಯಿ ತೆರೆದರೆ "ಸ್ವಲ್ಪ ಬೇಗ ಹೇಳಿ" ಅನ್ನುತ್ತಾಳೆ.

ಎಷ್ಟು ಜನಕ್ಕೆ ತಾಳ್ಮೆ ಕೆಟ್ಟಿತೋ, ಪತ್ತೇದಾರ ಐದನೇ ತಿಂಗಳಿಗೇ ಕೈಗೆ ಬಂದ. ಹದಿನಾಲ್ಕು ದಿನದ ಸಾಲ. ಗಡುವು ಮುಗಿದರೆ ಪುಸ್ತಕ ತಾನಾಗಿಯೇ ವಾಪಸ್ಸು. ದಂಡವಿಲ್ಲ, ಅಜ್ಜಿಗೆ ಹುಷಾರಿರಲಿಲ್ಲ ಎಂದು ಲೈಬ್ರೇರಿಯನ್ನರ ಮುಂದೆ ನಿಲ್ಲುವ ಭಾಗ್ಯವೂ ಇಲ್ಲ. ಹದಿಮೂರನೇ ದಿನ ಇನ್ನೂ ಅರ್ಧ ಉಳಿದಿತ್ತು. ಮೊಮ್ಮಗ ಕಿವಿಯಲ್ಲಿ ಮಂತ್ರ ಊದಿದ: ಅದನ್ನು ಕಿಂಡಲ್‌ಗೆ ಕಳಿಸಿ ಏರೋಪ್ಲೇನ್ ಮೋಡ್ ಹಾಕಿಬಿಡು ತಾತ, ವೈಫೈ ಸಿಗುವತನಕ ಪುಸ್ತಕ ಅಲ್ಲೇ ಇರುತ್ತೆ. ನನ್ನ ಹಿಂದಿನವರ ಗತಿ? ಅವರ ಸರದಿ ಅವರಿಗೆ ಬಂದೇ ಬರುತ್ತದಂತೆ. ಧೈರ್ಯವಾಗಿ ಗುಂಡಿ ಒತ್ತಿದೆ.

ವಾಪಸ್ಸು ಹೊರಟಾಗ ವಿಮಾನದಲ್ಲಿ ಗಗನಸಖಿ ಬಗ್ಗಿ, ಕಿಂಡಲ್ ಕಡೆ ಕೈ ತೋರಿಸಿ, ಏರೋಪ್ಲೇನ್ ಮೋಡ್ ಹಾಕಿದ್ದೀರಾ ಎಂದಳು.

"ಮೂರು ವಾರ ಆಯ್ತಮ್ಮ" ಎಂದೆ.