ಬರೇ ಒಂದು ತಾಸಿನ ಕಾಕಾ

ಬೆಳಗಾವಿ ಜಿಲ್ಲೆಯ ಜಾಂಬೋಟಿಯ ಬಸ್ ನಿಲ್ದಾಣದ ಬಳಿ ಚಾದಂಗಡಿಯ ಬಾಕಿನ ಮೇಲೆ ಒಬ್ಬ ಕಾಕಾ ಕೂತಿರುತ್ತಾರೆ. ಊರಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ, ಹೆಸರು ಬೇಡ. ಯಾವ ಊರು ಎಷ್ಟು ದೂರ ಎಂದು ಕೇಳಿ, ಕಾಕಾ ವಿಮಾನದ ವೇಳೆಯನ್ನೇ ಹೇಳುತ್ತಾರೆ.

“ಬೆಂಗಳೂರೇನ? ಬರೇ ಒಂದ ತಾಸ ತಮ್ಮಾ. ರಸ್ತಾದ ಮ್ಯಾಲ ಹ್ವಾದ್ರ 500 ಕಿಲೋಮೀಟರ್. ಸಾಂಬ್ರಾದಿಂದ ದೇವನಹಳ್ಳಿಗೆ ನೆಟ್ಟಗ ಗೆರಿ ಎಳಿ, 445. ಎಟಿಆರ್ ವಿಮಾನ ತಾಸಿಗೆ 500 ಹೊಡೀತೈತಿ. ಭಾಗಿಸು. 53 ಮಿನಿಟ. ಏರಾಕ ಇಳಿಯಾಕ ಒಂದೀಟ ಹಿಡಿ.”

ಲೆಕ್ಕದಲ್ಲಿ ತಪ್ಪು ಹುಡುಕಲಾರಿರಿ. ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದ ಪಟ್ಟಿ 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿಸಿದ್ದು, ಹೊಸ ಟರ್ಮಿನಲ್ 2017ರದು ಎಂಬುದೂ ಅವರಿಗೆ ಬಾಯಿಪಾಠ. ಮಲಪ್ರಭೆ ಹುಟ್ಟುವ ಕಣಕುಂಬಿ ಜಾಂಬೋಟಿಯಿಂದ 16 ಕಿ.ಮೀ. ಅದಕ್ಕೂ ಕಾಕಾನ ದರ ನಿಗದಿಯಾಗಿದೆ: ಎರಡು ಮಿನಿಟು.

“ಇಳಿಯೂದು ಎಲ್ಲಿ, ಕಾಕಾ?”

“ಅದು ಸರಕಾರದ ಕೆಲಸ.”

ಆಕಾಶದಲ್ಲಿ ಇಷ್ಟು ಕರಾರುವಾಕ್ಕಾದ ಮನುಷ್ಯ ನೆಲಕ್ಕಿಳಿದರೆ ಮಾತ್ರ ಕೈಗೆ ಸಿಗುವುದಿಲ್ಲ. ಜಾಂಬೋಟಿ ಇರುವುದು ಬೆಳಗಾವಿಯ ಈ ಕಡೆ, ಸಾಂಬ್ರಾ ಇರುವುದು ಆ ಕಡೆ. ಬಸ್ಸಿಗೆ ಕಾಯಬೇಕು, ಬೆಳಗಾವಿಯ ಸಿಬಿಟಿ ಬಸ್ ನಿಲ್ದಾಣದಲ್ಲಿ ಇಳಿದು ಇನ್ನೊಂದನ್ನು ಹಿಡಿಯಬೇಕು, ವಿಮಾನ ಏರುವುದಕ್ಕೆ ಬಹಳ ಮುಂಚೆಯೇ ಹೋಗಿ ಕೂರಬೇಕು. ಅತ್ತ ದೇವನಹಳ್ಳಿಯಲ್ಲಿ ಇಳಿದ ಮೇಲೂ ಮೆಜೆಸ್ಟಿಕ್ಕು 35 ಕಿ.ಮೀ. ಆಚೆ, ನಡುವೆ ಹೆಬ್ಬಾಳದ ವಾಹನಗಳ ಸಾಲು. ಇದನ್ನೆಲ್ಲ ಕೂಡಿಸಿ ಎಂದರೆ ಕಾಕಾನ ಮುಖ ಕೆಂಪಾಗುತ್ತದೆ. “ಅದೆಲ್ಲಾ ದಾರಿ ಅಲ್ಲೋ, ತಯಾರಿ!”

ಗೋವಾದ ಮೋಪಾ ವಿಮಾನ ನಿಲ್ದಾಣ 2023ರ ಜನವರಿಯಲ್ಲಿ ಶುರುವಾದ ಮೇಲಂತೂ ಇವರನ್ನು ಹಿಡಿಯುವವರಿಲ್ಲ. “ನಮಗ ಎರಡ ಕಡೆ ಏರ್‌ಪೋರ್ಟ್ ಐತಿ” ಎಂದು ಬೆಂಗಳೂರಿನ ನೆಂಟರಿಗೆ ಫೋನಿನಲ್ಲಿ ಹೇಳುವಾಗ ಗೋವಾದ ದಾರಿಯ ಚೋರ್ಲಾ ಘಾಟಿನ ತಿರುವುಗಳನ್ನು, ಮಳೆಗಾಲದ ಆ ರಸ್ತೆಯನ್ನು ನುಂಗಿಬಿಡುತ್ತಾರೆ.

ಆದರೆ ಮಗನ ಮನೆಗೆ ಹೋಗುವಾಗ ಕಾಕಾ ಹತ್ತುವುದು ರಾತ್ರಿ ಬಸ್ಸನ್ನೇ. ಯಾಕೆಂದು ಕೇಳಿದರೆ ಉತ್ತರ ಸಿದ್ಧ: “ವಿಮಾನದಾಗ 15 ಕಿಲೋ ಅಷ್ಟ ಬಿಡ್ತಾರ. ನಮ್ಮ ಅಕ್ಕಿ ಚೀಲನ 25 ಐತಿ. ಹಲಸಿನಹಣ್ಣ ಬ್ಯಾರೆ. ಬೆಳಗಾವಿ ಕುಂದಾ ಅಂತೂ ಸೊಸಿಗೆ ಬೇಕ ಬೇಕು.” ರಾತ್ರಿಯಿಡೀ ಕೂತು, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಇಳಿದು, ಬಾಗಿಲು ತೆಗೆದ ಮಗನಿಗೆ ಮೊದಲು ಹೇಳುವ ಮಾತು: “ವಿಮಾನದಾಗ ಬಂದಿದ್ರ ಒಂದ ತಾಸ ನೋಡು.”

ಜಾಂಬೋಟಿಯಿಂದ ಸಾಂಬ್ರಾಕ್ಕೆ ಹೊರಟವರಿಗೆ ಒಂದು ಮಾತು. ಚಾ ಕುಡಿಯಿರಿ, ಕಾಕಾನ ಲೆಕ್ಕವನ್ನೂ ಕೇಳಿ. ಬಸ್ಸಿನ ವೇಳೆಯನ್ನು ಮಾತ್ರ ಕಂಡಕ್ಟರರ ಹತ್ತಿರ ಕೇಳಿ.