ಎಡಗೈಯ ಸಾಕ್ಷಿ

ಜ್ವರ ಬಂದವರನ್ನು ನೋಡಲು ಬರುವವರು ಔಷಧಿ ಹೇಳಿ ಹೋಗುತ್ತಾರೆ. ಬೈಕಿನಿಂದ ಬಿದ್ದವರನ್ನು ನೋಡಲು ಬರುವವರು ಕಾರಣ ಹೇಳಿ ಹೋಗುತ್ತಾರೆ. ಮೊದಲನೆಯವರ ಕೈಯಿಂದ ಪಾರಾಗುವುದು ಸುಲಭ. ‘ಆಗಲಿ, ಕಷಾಯ ಮಾಡಿಸಿಕೊಳ್ತೀನಿ’ ಅಂದರೆ ಎದ್ದು ಹೊರಡುತ್ತಾರೆ. ಎರಡನೆಯವರು ಹಾಗಲ್ಲ. ಬಿದ್ದವರು ‘ಹೌದು, ನೀವು ಹೇಳಿದ್ದೇ ಸರಿ’ ಎಂದು ಒಪ್ಪಿಕೊಳ್ಳುವ ತನಕ ಕೂತ ಕುರ್ಚಿ ಬಿಡುವುದಿಲ್ಲ.

ನನ್ನ ತಂಗಿಯ ಮಗಳು ಬಲಗೈಗೆ ಕಟ್ಟು ಹಾಕಿಸಿಕೊಂಡು ಮೈಸೂರಿನ ಮನೆಯ ದಿವಾನದ ಮೇಲೆ ಕೂತ ಆ ವಾರ ಇಂಥ ಕುರ್ಚಿಗಳಿಗೆ ಬಿಡುವೇ ಇರಲಿಲ್ಲ. ಕಾಲೇಜಿನುದ್ದಕ್ಕೂ ಸ್ಕೂಟರ್ ಓಡಿಸಿದವಳು, ಕೆಲಸ ಸಿಕ್ಕ ಮೇಲೆ ಹಟ ಹಿಡಿದು ಸ್ವಂತ ದುಡ್ಡಿನಲ್ಲಿ ಬೈಕ್ ಕೊಂಡಿದ್ದಳು. ಸಂಕ್ರಾಂತಿಯ ಆಸುಪಾಸಿನಲ್ಲಿ ನಂಜನಗೂಡು ದಾಟಿ ಹುಲ್ಲಹಳ್ಳಿ ಕಡೆ ಹೋಗುವಾಗ ಬಿದ್ದದ್ದು. ಹೆಲ್ಮೆಟ್ ಇತ್ತು, ದಪ್ಪ ಜಾಕೆಟ್ ಇತ್ತು. ಮಣಿಕಟ್ಟು ಬಿಟ್ಟು ಉಳಿದದ್ದೆಲ್ಲ ನೆಟ್ಟಗೆ ಮನೆಗೆ ಬಂತು. ಅವಳ ಹೇಳಿಕೆ ಚಿಕ್ಕದು:

“ಮುಂದೆ ರಸ್ತೆ ಮೇಲೆ ಹುರುಳಿ ಹರಡಿದ್ರು ಮಾವ. ದೂರದಿಂದ್ಲೇ ನೋಡ್ದೆ. ನಿಧಾನ ಮಾಡೋಣ ಅಂತ ಬ್ರೇಕ್ ಹಿಡಿದೆ. ಇದ್ದಕ್ಕಿದ್ದ ಹಾಗೆ ಗಾಡಿ ಕಿರುಚಿಕೊಂಡು ಮುಂದಕ್ಕೆ ಓಡ್ತು. ಯಾರೋ ಹಿಂದಿನಿಂದ ತಳ್ಳಿದ ಹಾಗೆ.”

ಆ ‘ಯಾರೋ’ ಎಂಬ ಮಾತನ್ನು ಅವಳು ಆಡಬಾರದಿತ್ತು. ಪಕ್ಕದ ಮನೆಯ ಅಜ್ಜಿ ದನಿ ತಗ್ಗಿಸಿ, “ಅಲ್ಲಿ ಹುಣಸೇಮರ ಇತ್ತೇನಮ್ಮ?” ಎಂದು ಕೇಳಿದರು. ಇತ್ತು. ನಂಜನಗೂಡು ಸೀಮೆಯ ರಸ್ತೆಗಳಲ್ಲಿ ಹುಣಸೇಮರ ಇಲ್ಲದ ಕಡೆ ಬೀಳಬೇಕೆಂದರೆ ಮೊದಲೇ ಜಾಗ ಗೊತ್ತುಮಾಡಿಕೊಂಡು ಹೋಗಬೇಕು. ಅಜ್ಜಿಗೆ ಅಷ್ಟು ಸಾಕಾಯಿತು. ಗಾಡಿ ಪೂಜೆಯ ದಿನ ಚಕ್ರದಡಿ ಇಟ್ಟ ನಿಂಬೆಹಣ್ಣು ಸರಿಯಾಗಿ ಒಡೆದಿತ್ತೇ ಎಂಬ ವಿಚಾರಣೆಯೂ ನಡೆಯಿತು. ಒಂದು ಹಣ್ಣು ಪಕ್ಕಕ್ಕೆ ಜಾರಿತ್ತಂತೆ. ತಂಗಿಯ ಮುಖ ಸಣ್ಣದಾಯಿತು.

ವಿಜ್ಞಾನದವರೂ ಸುಮ್ಮನಿರಲಿಲ್ಲ. ಗಾಡಿ ಎತ್ತಿಕೊಂಡು ಬಂದ ಮೆಕ್ಯಾನಿಕ್ ಟೈರಿನ ಮೇಲೆ ಹೆಬ್ಬೆರಳು ಉಜ್ಜಿ, “ಹೊಸಾ ಟೈರು ಮೇಡಂ, ಇನ್ನೂ ನುಣುಪು ಹೋಗಿಲ್ಲ” ಅಂದ. ಅದು ಸುಳ್ಳಲ್ಲ, ಹೊಸ ಟೈರಿನ ಮೇಲ್ಮೈ ಸವೆದು ಹಿಡಿತ ಬರುವ ತನಕ ಮೊದಲ ನೂರಿನ್ನೂರು ಕಿಲೋಮೀಟರು ಹುಷಾರಾಗಿರಬೇಕು. ಆದರೆ ಇವಳ ಗಾಡಿ ಅದನ್ನು ಎಂದೋ ದಾಟಿತ್ತು. ಎದುರು ಮನೆಯ ಎಂಜಿನಿಯರಿಗೆ ಬೇರೆಯೇ ಆಶ್ಚರ್ಯ. “ಎಬಿಎಸ್ ಇದ್ದೂ ಬಿದ್ದಳಾ?” 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗಳನ್ನೆಲ್ಲ ಎಬಿಎಸ್ ಹಾಕಿಯೇ ಮಾರಬೇಕೆಂಬ ಕಾಯ್ದೆ ಬಂದ ಮೇಲೆ ಅದನ್ನು ತಾಯಿತದ ಸ್ಥಾನದಲ್ಲಿಟ್ಟವರು ಬಹಳ ಜನ. ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದ ಹಾಗೆ ಅದು ನೋಡಿಕೊಳ್ಳುತ್ತದೆ, ನಿಜ. ರಸ್ತೆ ಗುಡಿಸುವ ಕೆಲಸ ಅದರದಲ್ಲ.

ಗುಡಿಸಬೇಕಾದ್ದು ಅಲ್ಲಿ ಬೇಕಾದಷ್ಟಿತ್ತು. ಹುರುಳಿ ಒಕ್ಕಣೆಯ ಕಾಲದಲ್ಲಿ ಆ ಕಡೆ ಹೋದವರಿಗೆ ನಾನು ವರ್ಣಿಸಬೇಕಾಗಿಲ್ಲ. ಹಿಂದೆ ಊರ ಹೊರಗೆ ನೆಲ ಬಡಿದು, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಕಣ ಮಾಡುತ್ತಿದ್ದರು. ಎತ್ತುಗಳು ರೋಣಗಲ್ಲು ಎಳೆದುಕೊಂಡು ಸುತ್ತುತ್ತಿದ್ದವು. ಈಗ ಎತ್ತಿಲ್ಲ, ಆಳಿಲ್ಲ, ಕಣದ ಜಾಗದಲ್ಲಿ ಯಾರದೋ ಮನೆ ಎದ್ದಿದೆ. ಡಾಂಬರು ರಸ್ತೆ ಮಾತ್ರ ಸಾರಿಸದೆಯೇ ಸಿದ್ಧವಾಗಿದೆ, ಒಕ್ಕಲು ಬಸ್ಸು ಲಾರಿಗಳು ಕೂಲಿ ಕೇಳದೆ ಬರುತ್ತವೆ. ಕಾರಿನ ಅಡಿಗೆ ಹುರುಳಿ ಬಳ್ಳಿ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿ ಬಂದಾಗ ಪೊಲೀಸರು ಎಚ್ಚರಿಕೆ ಕೊಡುತ್ತಾರೆ. ಮಾರನೆಯ ದಿನ ಬಳ್ಳಿ ಮತ್ತೆ ರಸ್ತೆಗೆ ಬರುತ್ತದೆ. ಬೈಕಿನವರಿಗೆ ಭಯ ಬಳ್ಳಿಯದಲ್ಲ, ಅದರಡಿಯ ಕಾಳಿನದು. ಚಪ್ಪಟೆ, ನುಣುಪು, ಒಂದರ ಮೇಲೊಂದು ಜಾರುವ ಕಾಳು. ಟೈರಿಗೆ ಡಾಂಬರಿನ ಮುಖವೇ ಕಾಣುವುದಿಲ್ಲ. ಇಷ್ಟಾದರೂ ರೈತನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಹುರುಳಿ ಕಟ್ಟಿನ ಸಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವ ಪೈಕಿ ನಾನು.

ಹಾಗಾಗಿ ಮನೆಯ ಬಹುಮತ ‘ಹುರುಳಿಯೇ ಕಾರಣ’ ಎಂಬ ಕಡೆ ವಾಲಿತು. ಒಪ್ಪದವಳು ಅವಳೊಬ್ಬಳೇ. “ಜಾರಿದ್ದು ಹುರುಳಿ ಮೇಲೆ, ಸರಿ. ಆದ್ರೆ ಓಡಿದ್ದು ಅದಕ್ಕೂ ಮುಂಚೆ. ಖಾಲಿ ರಸ್ತೇಲಿ.”

ಗಂಟು ಸಡಿಲಿಸಿದವರು ಅವಳ ದೊಡ್ಡಪ್ಪ. ಸಡಿಲಿಸಿದ್ದು ಅವರಿಗೆ ಗೊತ್ತಿಲ್ಲ. ಅವರು ಯೆಜ್ದಿ ಕಾಲದವರು. 1961ರಿಂದ 1996ರ ತನಕ ನಡೆದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಆ ಗಾಡಿಯ ಬಗ್ಗೆ ಮಾತು ಬಂದರೆ ಅವರ ಬೆನ್ನು ನೆಟ್ಟಗಾಗುತ್ತದೆ. ಕಿಕ್ ಹೊಡೆಯುವ ಸಲಾಕೆಯನ್ನೇ ಮಡಚಿ ಗೇರ್ ಹಾಕಲು ಬಳಸುವ ಚಮತ್ಕಾರವನ್ನು ಅವರು ಹೊಸಬರಿಗೆ ಕೂತಲ್ಲೇ ಕಾಲಾಡಿಸಿ ತೋರಿಸುತ್ತಾರೆ. ಮಧ್ಯೆ ಕೆಲವು ಕಾಲ ಅವರಿಗೆ ಹಳೆಯ ಬುಲೆಟ್ಟಿನ ಹುಚ್ಚು ಹತ್ತಿತ್ತು. ಯೆಜ್ದಿಯಲ್ಲಿ ಎಡಗಾಲಿಗೆ ಗೇರ್, ಬಲಗಾಲಿಗೆ ಬ್ರೇಕ್. ಆ ಕಾಲದ ಬುಲೆಟ್ಟಿನಲ್ಲಿ ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್. ಹೊಸದಾಗಿ ಆ ಬುಲೆಟ್ಟಿನಲ್ಲಿ ಕೂತು ಕೆ.ಆರ್. ವೃತ್ತದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದಾಗ ಇವರು ಬಲಗಾಲನ್ನು ಜೋರಾಗಿ ಒತ್ತಿದ್ದಾರೆ. ಗೇರ್ ಬಿತ್ತು, ಗಾಡಿ ನಿಲ್ಲಲಿಲ್ಲ. ಪೊಲೀಸಿನವನು ಕೈ ಇಳಿಸಿ ತಾನೇ ದಾರಿ ಬಿಟ್ಟನಂತೆ. ನಮ್ಮ ಮದುವೆ ಮನೆಗಳಲ್ಲಿ ಎಲೆ ಹಾಕುವ ತನಕ ಹೊತ್ತು ಕಳೆಯಲು ಈ ಕತೆ ಎಷ್ಟೋ ಸಲ ಒದಗಿಬಂದಿದೆ. ಅವತ್ತೂ ಹೇಳಿದರು, ಎಲ್ಲರೂ ರೂಢಿಯಂತೆ ನಕ್ಕರು. ಇವಳು ನಗಲಿಲ್ಲ. ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಸಂಜೆ ಪೋರ್ಟಿಕೋದಲ್ಲಿ ಪರೀಕ್ಷೆ ನಡೆಯಿತು. ಸೆಂಟರ್ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಇವಳು ಕಣ್ಣು ಮುಚ್ಚಿ ಕೂತಳು. ಕಟ್ಟು ಹಾಕಿದ ಬಲಗೈಯ ಬೆರಳ ತುದಿಗಳು ಒಂದು ಹಿಡಿಕೆಯ ಮೇಲೆ, ಎಡಗೈ ಇನ್ನೊಂದರ ಮೇಲೆ. ಅವಳ ತಮ್ಮ ಹಿಂದೆ ನಿಂತು, ಯಾವಾಗ ಎಂದು ಹೇಳದೆ, “ಹುರುಳಿ!” ಎಂದು ಕೂಗಬೇಕು. ಯಾವ ಕೈ ಮೊದಲು ಮಡಚುತ್ತದೆ ಎಂದು ನಾನು ನೋಡಬೇಕು. ಕೂಗಿದ. ಎಡಗೈಯ ನಾಲ್ಕೂ ಬೆರಳು ಲಿವರನ್ನು ಹಿಡಿಕೆಗೆ ಅಂಟುವಷ್ಟು ಎಳೆದವು, ಗೆಣ್ಣುಗಳು ಬೆಳ್ಳಗಾದವು. ಬಲಗೈ ಇನ್ನೂ ಯೋಚನೆ ಮಾಡುತ್ತಿತ್ತು. ಮತ್ತೆ ಕೂಗಿದ, ಮತ್ತೆ ಅದೇ. ಅಡುಗೆಮನೆಯಿಂದ ತಂಗಿ ಸೌಟು ಹಿಡಿದು ಬಂದು, “ಸಂಜೆ ಹೊತ್ತಲ್ಲಿ ಇದೇನ್ರೋ ಹುರುಳಿ ಹುರುಳಿ ಅಂತ ಕಿರುಚೋದು?” ಎಂದಾಗಲೂ ಅದೇ ಎಡಗೈ.

ಸ್ಕೂಟರಿನಲ್ಲಿ ಎಡಗೈಯ ಲಿವರ್ ಬ್ರೇಕು. ಬೈಕಿನಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕೂತಿರುವುದು ಕ್ಲಚ್ಚು. ಅದನ್ನು ಎಳೆದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟು ಕಡಿಯುತ್ತದೆ. ಎಂಜಿನ್ ಹಿಡಿದಿಟ್ಟ ಚಕ್ರ ಬಿಡುಗಡೆಯಾಗಿ ಹಗುರಾಗಿ ಉರುಳುತ್ತದೆ. ಗಾಬರಿಯಲ್ಲಿ ಬಲಗೈ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟಿರದಿದ್ದರೆ ಭಾರ ಕಳೆದುಕೊಂಡ ಎಂಜಿನ್ ಅರಚುತ್ತದೆ. ಅಂದರೆ ಗಾಡಿ ಓಡಲೇ ಇಲ್ಲ. ಇಳಿಯಬೇಕಾಗಿದ್ದ ವೇಗ ಇಳಿಯಲಿಲ್ಲ, ಅರಚಾಟ ಕೇಳಿದ ಕಿವಿ ಅದನ್ನೇ ಓಟ ಎಂದು ಲೆಕ್ಕ ಹಾಕಿತು. ಅವಳು ಇನ್ನೂ ಬಿಗಿಯಾಗಿ ‘ಬ್ರೇಕ್’ ಹಿಡಿದಳು, ಅದು ಇನ್ನೂ ಸಲೀಸಾಗಿ ಹೋಯಿತು. ಕೊನೆಗೆ ಬಲಗೈಗೆ ಬುದ್ಧಿ ಬಂದು ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿಯುವ ಹೊತ್ತಿಗೆ ಮುಂದಿನ ಚಕ್ರ ಕಾಳಿನ ಮೇಲೆ ಏರಿತ್ತು. ಹುಣಸೇಮರದ ಮೇಲಿದ್ದವರು ನಿರಪರಾಧಿಗಳು.

ಇದು ಇವಳೊಬ್ಬಳ ಪಾಡಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಜೊತೆಗಾರರು ಲಾಸ್ ಏಂಜಲೀಸ್ ಸುತ್ತಮುತ್ತ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಒಂದು ವರದಿ ಕೊಟ್ಟರು. ಬಿದ್ದವರೆಲ್ಲ ಎಳಸರಲ್ಲ; ಒಟ್ಟಾರೆ ಸುಮಾರು ಮೂರು ವರ್ಷದ ಅನುಭವ ಇದ್ದವರು. ಆದರೆ ಅರ್ಧಕ್ಕಿಂತ ಹೆಚ್ಚು ಜನ, ತಾವು ಬಿದ್ದ ಆ ಗಾಡಿಯ ಮೇಲೆ ಮಾತ್ರ ಐದು ತಿಂಗಳೂ ಕಳೆದಿರಲಿಲ್ಲ. ಏನೂ ಬಾರದವರಿಗಿಂತ ಬೇರೊಂದನ್ನು ಚೆನ್ನಾಗಿ ಬಲ್ಲವರ ಪಾಡು ಕಷ್ಟ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಅವರಿಗೆ ಮರೆಯುವ ಕೆಲಸವೂ ಇರುತ್ತದೆಯಲ್ಲ.

ಇವಳು ಮೊದಲ ದಿನ ‘ಬ್ರೇಕ್ ಹಿಡಿದೆ’ ಅಂದದ್ದರಲ್ಲಿ ಸುಳ್ಳೇನಿರಲಿಲ್ಲ. ಕೈ ಮಾಡಿದ್ದು ಬಾಯಿಗೆ ತಿಳಿದಿರುವುದಿಲ್ಲ. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್, ಎಡಕ್ಕೆ ತಿರುಗುವುದು ಹೇಗೆ ಎಂದು ಸೈಕಲ್ ಸವಾರರನ್ನು ಕೇಳುತ್ತಿದ್ದನಂತೆ. ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇವೆ ಎಂದೇ ಎಲ್ಲರ ಉತ್ತರ. ಕೆದಕಿ ಕೆದಕಿ ಕೇಳಿದ ಮೇಲೆ ಕೆಲವರು, ಮೊದಲು ಒಂಚೂರು ಬಲಕ್ಕೆ ತಿರುಗಿಸುತ್ತೇವೆ ಎಂದು ಒಪ್ಪಿಕೊಂಡರು. ಬಲಕ್ಕೆ ತಳ್ಳಿದರೆ ತಾನೆ ಗಾಡಿ ಎಡಕ್ಕೆ ವಾಲುವುದು! ದಿನಾ ಮಾಡುವವರಿಗೇ ಗೊತ್ತಿರಲಿಲ್ಲ. ಇನ್ನು ಕುರ್ಚಿಯಲ್ಲಿ ಕೂತು ಕಾಫಿ ಕುಡಿದವರ ಮಾತೇನು.

ಕಟ್ಟು ಬಿಚ್ಚಿದ ಮೇಲೆ ಅವಳು ಬಡಾವಣೆಯಲ್ಲಿ ಖಾಲಿ ಸೈಟುಗಳ ನಡುವಿನ ರಸ್ತೆಯಲ್ಲಿ ಬೆಳಗಿನ ಹೊತ್ತು ಎಡಗೈಗೆ ಪಾಠ ಶುರು ಮಾಡಿದಳು. ಬಲಗೈಯ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಹೋಗುವುದು, ಬಲಗಾಲನ್ನು ಜೊತೆಗೂಡಿಸುವುದು, ಗಾಡಿ ಇನ್ನೇನು ನಿಲ್ಲುತ್ತದೆ ಅನ್ನುವಾಗ ಕ್ಲಚ್ಚು. ಬರಬರುತ್ತಾ ಎಡಗೈ ಪಳಗಿತು. ತೀರಾ ಪಳಗಿತು ಅನ್ನಬೇಕು. ಮೊನ್ನೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹಳೆಯ ಸ್ಕೂಟರಿನಲ್ಲಿ ದೇವರಾಜ ಮಾರುಕಟ್ಟೆಯಿಂದ ಬರುವಾಗ, ಉಬ್ಬು ಕಂಡದ್ದೇ ಗೇರ್ ಇಳಿಸಲೆಂದು ಎಡಗೈಯ ಲಿವರನ್ನು ಪೂರ್ತಿ ಎಳೆದಿದ್ದಾಳೆ. ಸ್ಕೂಟರ್ ಇದ್ದಲ್ಲೇ ನಿಂತಿತು. ಹಿಂದಿನ ಹೆಲ್ಮೆಟ್ ಮುಂದಿನ ಹೆಲ್ಮೆಟ್ಟಿಗೆ ಬಡಿಯಿತು, ಚೀಲದ ಈರನಗೆರೆ ಬದನೆಕಾಯಿ ರಸ್ತೆಯುದ್ದಕ್ಕೂ ಉರುಳಿದವು.

ತಂಗಿ ಒಂದು ಮಾತೂ ಆಡದೆ ಬದನೆಕಾಯಿ ಆರಿಸಿಕೊಂಡಳಂತೆ. ಈಗ ಮಾರುಕಟ್ಟೆಗೆ ಸಿಟಿ ಬಸ್ಸಿನಲ್ಲಿ ಹೋಗುತ್ತಾಳೆ. ಶಕ್ತಿ ಯೋಜನೆಯಿಂದಾಗಿ ಟಿಕೆಟ್ಟಿನ ದುಡ್ಡಿಲ್ಲ. ಕಂಬಿ ಹಿಡಿದುಕೊಳ್ಳಲು ಯಾವ ಕೈಯಾದರೂ ಆಗುತ್ತದೆ.