ಜೀವವಿಜ್ಞಾನಿಗಳನ್ನು ಮೂರು ದಿವಸಗಳಲ್ಲಿ ಉದ್ಯಮಿಗಳನ್ನಾಗಿಸುವ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಬಿರ ನಿರ್ದೇಶಕರ ಸನ್ನಿಧಿಗೆ,

ಬಹುಕಾಲ ಜೀವರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾಗಿ, ಬೆಳಗಿನ ವಾಯುವಿಹಾರವನ್ನೂ ಸಂಜೆಯ ಕಾಫಿಯನ್ನೂ ಬಿಟ್ಟು ಬೇರಾವ ಉದ್ಯಮವನ್ನೂ ಕೈಗೊಳ್ಳದಿರುವ ನನ್ನಂಥವನನ್ನು, ಬೆಂಗಳೂರಿನಲ್ಲಿ ತಾವು ನಡೆಸಲಿರುವ ಜೈವಿಕ ತಂತ್ರಜ್ಞಾನ ಉದ್ಯಮಶೀಲತಾ ಶಿಬಿರಕ್ಕೆ 'ಮೆಂಟರ್' ಆಗಿ ಬರಬೇಕೆಂದು ಆಹ್ವಾನಿಸಿದ ಪತ್ರವು ಕೈಸೇರಿತು. ಮೂರು ದಿವಸಗಳಲ್ಲಿ ಮೂವತ್ತು ಮಂದಿ ಸಂಶೋಧಕರನ್ನು ಮೂವತ್ತು ಮಂದಿ ಉದ್ಯಮಿಗಳನ್ನಾಗಿ ಪರಿವರ್ತಿಸುವ ತಮ್ಮ ಸಂಕಲ್ಪವನ್ನು ಓದಿ ನಾನು ಮೂಕವಿಸ್ಮಿತನಾದೆ. ರೇಷ್ಮೆಹುಳು ಸಹ ಮೊಟ್ಟೆಯೊಡೆದು ಬಂದು ಗೂಡು ಕಟ್ಟುವುದಕ್ಕೆ ಸುಮಾರು ಇಪ್ಪತ್ತೈದು ದಿವಸಗಳನ್ನು ತೆಗೆದುಕೊಳ್ಳುತ್ತದೆ. ಅದೂ ರಾಮನಗರದ ಕಡೆಯ ರೈತನು ಹೊತ್ತುಹೊತ್ತಿಗೆ ಹಿಪ್ಪುನೇರಳೆಯ ಸೊಪ್ಪನ್ನು ಹಾಕಿದರೆ.

ಪತ್ರದೊಡನೆ ಬಂದ ಪಾರಿಭಾಷಿಕ ಪದಗಳ ಪಟ್ಟಿಯನ್ನು ಶ್ರದ್ಧೆಯಿಂದ ಅಧ್ಯಯನಮಾಡಿದೆನಾದರೂ, ಹಳೆಯ ಪ್ರಯೋಗಶಾಲೆಯ ಸಂಸ್ಕಾರವು ಸುಲಭವಾಗಿ ಬಿಡತಕ್ಕದ್ದಲ್ಲವಾದುದರಿಂದ ಮೊದಲನೆಯ ಶಬ್ದದಲ್ಲಿಯೇ ಎಡವಿದೆ. ನಾವು ಇನ್‌ಕ್ಯುಬೇಟರ್ ಎಂದು ಕರೆಯುತ್ತಿದ್ದುದು, 37 ಡಿಗ್ರಿ ಉಷ್ಣತೆಯನ್ನೂ ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡನ್ನೂ ಕಾಪಾಡಿಕೊಂಡು, ತನ್ನೊಳಗಿನ ಜೀವಕೋಶಗಳಿಂದ ಏನನ್ನೂ ಕೇಳದೆ ಅವನ್ನು ಪೋಷಿಸುತ್ತಿದ್ದ ಒಂದು ಪೆಟ್ಟಿಗೆಯನ್ನು. ತಮ್ಮ ಇನ್‌ಕ್ಯುಬೇಟರಾದರೋ ಮೇಜಿಗಿಷ್ಟು ಕುರ್ಚಿಗಿಷ್ಟು ಎಂದು ತಿಂಗಳು ತಿಂಗಳಿಗೂ ಬಾಡಿಗೆಯೆತ್ತುವ ಒಂದು ಕಟ್ಟಡ. 'ಏಂಜೆಲ್' ಎಂಬವನು ದೇವದೂತನಲ್ಲ, ಹಣ ಹೂಡಿ ಕಂಪನಿಯಲ್ಲಿ ಪಾಲು ಕೇಳುವ ಗೃಹಸ್ಥನೆಂದು ತಿಳಿದು ಸಮಾಧಾನವಾಯಿತು. ಭಾರೀ ಬೆಲೆಬಾಳುವ ಹೊಸ ಕಂಪನಿಗಿಟ್ಟ 'ಯೂನಿಕಾರ್ನ್' ಎಂಬ ಹೆಸರಿನ ಒಂಟಿಕೊಂಬಿನ ಕುದುರೆಯು ಯಾವ ಕುಟುಂಬಕ್ಕೆ, ಯಾವ ಪ್ರಭೇದಕ್ಕೆ ಸೇರಿದ್ದೆಂದು ಹುಡುಕಹೊರಟ ಪ್ರಾಣಿಶಾಸ್ತ್ರದ ಮಿತ್ರರೊಬ್ಬರು ಇನ್ನೂ ಪುಸ್ತಕದ ಕಪಾಟಿನ ಮುಂದೆಯೇ ನಿಂತಿದ್ದಾರೆ.

ಮೊದಲ ದಿವಸದ ಪಾಠ 'ಪಿಚ್' ಎಂದು ಬರೆದಿರುವಿರಿ. ಐದಾರು ವರ್ಷ ಒಂದು ಪ್ರೋಟೀನಿನ ಬೆನ್ನುಹತ್ತಿ ಅಲೆದು, 'ಬಹುಶಃ', 'ಈ ಸನ್ನಿವೇಶದಲ್ಲಿ', 'ಇನ್ನಷ್ಟು ಪ್ರಯೋಗಗಳು ಅವಶ್ಯಕ' ಎಂಬ ಮೂರು ಮಾತುಗಳನ್ನಷ್ಟೇ ಸಂಪಾದಿಸಿಕೊಂಡು ಬಂದವನಿಗೆ, ಆ ಮೂರನ್ನೂ ಚಪ್ಪಲಿಗಳ ಜೊತೆಗೆ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು, ಮೂರು ನಿಮಿಷಗಳಲ್ಲಿ ಲೋಕೋದ್ಧಾರದ ಪ್ರತಿಜ್ಞೆಯನ್ನು ಮಾಡುವ ವಿದ್ಯೆಯನ್ನು ಕಲಿಸುವುದು ಸಾಮಾನ್ಯ ಸಾಹಸವಲ್ಲ. ಆದರೆ ಈ ಉದ್ಯಮದ ಆದಿಪರ್ವದಲ್ಲಿ ನಡೆದುದೇ ಬೇರೆ. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಬರ್ಟ್ ಸ್ವಾನ್ಸನ್ ಎಂಬ ತರುಣ ಹೂಡಿಕೆಗಾರರು ಹರ್ಬರ್ಟ್ ಬೋಯರ್ ಎಂಬ ಪ್ರಾಧ್ಯಾಪಕರಲ್ಲಿ ಹತ್ತು ನಿಮಿಷಗಳ ಭೇಟಿಯನ್ನು ಬೇಡಿ ಹೋದರು. ಮಾತು ಮೂರು ಗಂಟೆಗಳವರೆಗೆ ಬೆಳೆಯಿತು. ಇಬ್ಬರೂ ತಲಾ 500 ಡಾಲರುಗಳನ್ನು ಹಾಕಿ ಜೆನೆನ್‌ಟೆಕ್ ಕಂಪನಿಯನ್ನು ಕಟ್ಟಿದರು. 1978ರಲ್ಲಿ ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ತಯಾರಾಗಿ, 1982ರಲ್ಲಿ ಅದಕ್ಕೆ ಔಷಧವೆಂಬ ಮಾನ್ಯತೆ ದೊರೆಯಿತು. ಭೇಟಿಯನ್ನು ಬೇಡಿ ಹೋದವರು ಹಣದವರು, ವಿಜ್ಞಾನಿಯಲ್ಲ. ಬೋಯರ್ ತಮ್ಮ ಪ್ರಾಧ್ಯಾಪಕ ಪದವಿಯನ್ನು ಬಿಡಲೂ ಇಲ್ಲ. ತಮ್ಮ ಶಿಬಿರದಲ್ಲಿ ವಿಜ್ಞಾನಿಗೆ ವ್ಯಾಪಾರವನ್ನು ಕಲಿಸುವ ಪಾಠಗಳು ಹದಿನಾಲ್ಕಿವೆ. ಹಣವುಳ್ಳವನಿಗೆ ಮೂರು ಗಂಟೆ ಸುಮ್ಮನೆ ಕುಳಿತು ಕೇಳುವುದನ್ನು ಕಲಿಸುವ ಪಾಠವು ಒಂದಾದರೂ ಇಲ್ಲ.

ಎರಡನೆಯ ದಿವಸ ಮಹಾನ್ ಉದ್ಯಮಿಗಳ ಜೀವನದಿಂದ 'ಪ್ರೇರಣೆ'ಯನ್ನು ಪಡೆಯುವುದೆಂದು ಇದೆ. ಸಂತೋಷ. ಕಲ್ಕತ್ತೆಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದುಕೊಂಡೇ 1892ರಲ್ಲಿ ಬೆಂಗಾಲ್ ಕೆಮಿಕಲ್ಸ್‌ಗೆ ಅಡಿಪಾಯ ಹಾಕಿದ ಪ್ರಫುಲ್ಲಚಂದ್ರ ರಾಯರು, ದನದ ಎಲುಬುಗಳನ್ನು ಮನೆಯ ಮಾಳಿಗೆಯ ಮೇಲೆ ಒಣಹಾಕಿ ನೆರೆಹೊರೆಯವರ ಆಕ್ಷೇಪಣೆಗೆ ಗುರಿಯಾದವರು. ನಮ್ಮ ಬೆಂಗಳೂರಿನಲ್ಲಿಯೇ, ಪ್ರಾಣಿಶಾಸ್ತ್ರವನ್ನು ಇಲ್ಲಿಯೂ ಬಿಯರ್ ತಯಾರಿಕೆಯನ್ನು ಆಸ್ಟ್ರೇಲಿಯಾದಲ್ಲಿಯೂ ಕಲಿತ ಕಿರಣ್ ಮಜುಂದಾರ್ ಅವರು, 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿಗಳ ಬಂಡವಾಳದಿಂದ ಬಯೋಕಾನ್ ಕಂಪನಿಯನ್ನು ಆರಂಭಿಸಿ, ಸಾಲ ಕೊಡುವುದಕ್ಕೆ ಬ್ಯಾಂಕುಗಳು ಹಿಂದೆಗೆಯುತ್ತಿದ್ದಾಗ, ಪರಂಗಿಯ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನೂ ಮೀನಿನ ಗಾಳಿಚೀಲದಿಂದ ಐಸಿಂಗ್‌ಗ್ಲಾಸನ್ನೂ ತೆಗೆದು ಹೊರದೇಶಗಳಿಗೆ ಕಳುಹಿಸಿದರು. ಎಲುಬು, ಮೀನು, ಪರಂಗಿಯ ಅಂಟು: ಇವರಿಬ್ಬರ ಪ್ರಥಮ ಪಾಠಕ್ಕೂ ಒಂದು ವಾಸನೆಯಿತ್ತು. ತಾವಾದರೋ ಹವಾನಿಯಂತ್ರಿತ ಸಭಾಂಗಣದಲ್ಲಿ ಸ್ಲೈಡುಗಳ ಮೂಲಕ ಪ್ರೇರಣೆಯನ್ನು ನೀಡುವವರಾದುದರಿಂದ ಶಿಬಿರಾರ್ಥಿಗಳಿಗೆ ಆ ತೊಂದರೆ ತಪ್ಪಿತು.

ಇನ್ನು ಕಾಲದ ವಿಷಯ. 2012ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯು, ಎಳೆಯ ಕಲ್ಪನೆಗಳಿಗೆ 'ಬಿಗ್' ಎಂಬ ಹೆಸರಿನಲ್ಲಿ 50 ಲಕ್ಷ ರೂಪಾಯಿಗಳವರೆಗೆ ಅನುದಾನವನ್ನು ಕೊಡುತ್ತಿರುವುದು ಶ್ಲಾಘ್ಯವಾದ ಕಾರ್ಯ; ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲವೆಂದು ಪ್ರತ್ಯೇಕವಾಗಿ ಅರಿಕೆಮಾಡುತ್ತೇನೆ. ಅದರ ಅವಧಿ 18 ತಿಂಗಳುಗಳು. ಈ ಅವಧಿಯ ಮಹತ್ತ್ವವನ್ನು ಮನುಷ್ಯರಿಗೆ ತಿಳಿಯಹೇಳಿದಂತೆ ಸೂಕ್ಷ್ಮಜೀವಿಗಳಿಗೂ ತಿಳಿಯಹೇಳುವ ವ್ಯವಸ್ಥೆ ತಮ್ಮಲ್ಲಿ ಉಂಟೇ? ಅನುಕೂಲ ಪರಿಸ್ಥಿತಿಯಲ್ಲಿ 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುವ 'ಇ. ಕೋಲೈ' ಎಂಬ ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಉದ್ಯಮಿ, ಅದರ ಚಿಂತೆಯಿಲ್ಲ. ಆದರೆ ಕ್ಷಯದ ಬ್ಯಾಕ್ಟೀರಿಯಾ ಒಮ್ಮೆ ವಿಭಜನೆಯಾಗುವುದಕ್ಕೆ ಹೆಚ್ಚುಕಡಿಮೆ ಒಂದು ದಿವಸವನ್ನು ಕಳೆದು, ತಟ್ಟೆಯ ಮೇಲೆ ಕಣ್ಣಿಗೆ ಕಾಣಿಸಿಕೊಳ್ಳಲು ಮೂರು ನಾಲ್ಕು ವಾರಗಳನ್ನು ತೆಗೆದುಕೊಳ್ಳುವ ಪರಮ ಆಲಸಿ. ಅದನ್ನು ದಯಮಾಡಿ ಮೂವತ್ತೊಂದನೆಯ ಶಿಬಿರಾರ್ಥಿಯಾಗಿ ಸೇರಿಸಿಕೊಳ್ಳಿ. ಊಟದ ವೆಚ್ಚವೂ ಅತ್ಯಲ್ಪ.

ಸರ್ಕಾರದ ಕಡತವನ್ನೂ ಜನರ ಮನಸ್ಸನ್ನೂ ಕುರಿತ ಪಾಠವನ್ನು ನಾನು ಹುಡುಕಿದೆ, ಕಾಣಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲುಗೊಂಡಿದ್ದ ಬಿಟಿ ಬದನೆ ಎಂಬ ಕುಲಾಂತರಿ ಬೆಳೆಗೆ 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿಯ ಒಪ್ಪಿಗೆ ದೊರೆಯಿತು. 2010ರ ಫೆಬ್ರವರಿಯಲ್ಲಿ, ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಸಾರ್ವಜನಿಕರ ಅಹವಾಲನ್ನು ಕೇಳಿದ ತರುವಾಯ, ಪರಿಸರ ಸಚಿವ ಜೈರಾಮ್ ರಮೇಶರು ಅದಕ್ಕೆ ತಡೆಯಾಜ್ಞೆಯನ್ನು ಹಾಕಿದರು. ತಡೆ ಸರಿಯೇ ತಪ್ಪೇ ಎಂಬ ಜಿಜ್ಞಾಸೆ ಇಲ್ಲಿ ಬೇಡ. ಬೆಳೆಯುವವನು ಒಪ್ಪುವನೇ, ಉಣ್ಣುವವನು ಒಪ್ಪುವನೇ ಎಂಬ ಪ್ರಶ್ನೆಯನ್ನು ತಮ್ಮ ಯಾವ ಸ್ಲೈಡಿನಲ್ಲಿ ಇಟ್ಟಿರುವಿರೆಂದಷ್ಟೇ ಕೇಳುತ್ತೇನೆ.

ನನ್ನಲ್ಲಿ ಓದಿ ಈಗ ಬೇರೆಡೆ ಸಂಶೋಧನೆ ನಡೆಸುತ್ತಿರುವ ಹುಡುಗಿಯೊಬ್ಬಳು, ತಿಂಗಳಿಗೆ 37,000 ರೂಪಾಯಿಗಳ ಶಿಷ್ಯವೇತನದವಳು, ಹಿಂದಿನ ವರ್ಷ ಇಂಥದೇ ಒಂದು ಶಿಬಿರಕ್ಕೆ ಹೋಗಿಬಂದು ಸಂಭ್ರಮದಿಂದ ಮನೆಗೆ ಬಂದಿದ್ದಳು.

"ಸರ್, ನನ್ನ ಕಿಣ್ವಕ್ಕೆ ಸಾವಿರ ಕೋಟಿ ರೂಪಾಯಿ ಮಾರುಕಟ್ಟೆ ಇದೆಯಂತೆ."

"ಬಹಳ ಸಂತೋಷವಮ್ಮ. ಕಿಣ್ವ ಎಲ್ಲಿದೆ?"

ಹುಡುಗಿ ಕಾಫಿಯ ಲೋಟವನ್ನು ಕೆಳಗಿಟ್ಟಳು. "ಫ್ರೀಜರಿನಲ್ಲಿತ್ತು ಸರ್. ನಾನು ಶಿಬಿರದಲ್ಲಿದ್ದ ಶನಿವಾರ ರಾತ್ರಿ ಕರೆಂಟು ಹೋಯಿತು. ಸೋಮವಾರದವರೆಗೆ ಯಾರೂ ನೋಡಲಿಲ್ಲ."

ಅವಳು ಶಿಬಿರದಲ್ಲಿ ಪ್ರಥಮ ಬಹುಮಾನವನ್ನು ಪಡೆದಿದ್ದಳು.

ಇರಲಿ. ತಮ್ಮ ಆಹ್ವಾನವನ್ನು ಸ್ವೀಕರಿಸಿದ್ದೇನೆ. ಶಾಲು, ಹಾರ, ನೆನಪಿನ ಕಾಣಿಕೆ ಮುಂತಾದುವುಗಳು ಅನಗತ್ಯ. ತಮ್ಮ ಶಿಬಿರವೂ ಶುಕ್ರವಾರದಿಂದ ಭಾನುವಾರದವರೆಗೆ ಎಂದು ಗೊತ್ತಾಗಿರುವುದರಿಂದ, ಹೊರಡುವ ಮುನ್ನ ಪ್ರತಿಯೊಬ್ಬರೂ ತಂತಮ್ಮ ಪ್ರಯೋಗಶಾಲೆಯ ಮೈನಸ್ 80 ಡಿಗ್ರಿಯ ಫ್ರೀಜರನ್ನು ಜನರೇಟರಿನ ಲೈನಿಗೆ ಸೇರಿಸಿ, ಕಾವಲುಗಾರನಿಗೆ ಹೇಳಿ ಬರತಕ್ಕದ್ದೆಂದು ಮೂವತ್ತು ಮಂದಿಗೂ ಇಂದೇ ಒಂದು ಕಾಗದವನ್ನು ಹಾಕಿಸಬೇಕೆಂದು ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಒಬ್ಬ ನಿವೃತ್ತ ಅಧ್ಯಾಪಕ